ಬೀಗರ ಹಸಿ ಕಟ್ಟಿಗೆ

ಅಪ್ಪನ ಅಕ್ಕನ ಗಂಡನಿಗೆ ಚಿಕ್ಕೋಡಿಯಲ್ಲಿ ಕಟ್ಟಿಗೆಯ ವಖಾರಿ ಇತ್ತು. ಎಂಬತ್ತರ ದಶಕದಲ್ಲಿ, ನಮ್ಮ ಮನೆಗೆ ಇನ್ನೂ ಗ್ಯಾಸ್ ಬಂದಿರದ ಆ ವರ್ಷಗಳಲ್ಲಿ, ನಮಗೆ ಗಂಟುಬಿದ್ದ ದೊಡ್ಡ ಪೀಡೆಯೆಂದರೆ ಅದೇ. ಬೀಗರದ್ದೇ ವಖಾರಿ ಇರುವಾಗ ಬೇರೆಯವರ ಹತ್ತಿರ ಕೊಂಡರೆ ಜನ ಏನೆಂದಾರು ಎಂಬುದು ಅಪ್ಪನ ಚಿಂತೆ. ಅವ್ವನಿಗೆ ದಮ್ಮಿತ್ತು. ಹೊಗೆ ಕುಡಿಯಬೇಡ ಎಂದು ಡಾಕ್ಟರು ಗದರಿಸಿ ಹೇಳಿದ್ದರು. ಅದರ ಚಿಂತೆ ಅಪ್ಪನಿಗೆ ಅಷ್ಟಾಗಿ ಇದ್ದಂತೆ ಕಾಣಲಿಲ್ಲ.

ವಖಾರಿಯ ಮುಂಭಾಗದಲ್ಲಿ ಒಣ ಜಾಲಿಯ ಒಟ್ಟಲು ಇರುತ್ತಿತ್ತು. ತುದಿಗಳಲ್ಲಿ ಬಿರುಕು ಬಿಟ್ಟ, ಒಂದಕ್ಕೊಂದು ತಾಕಿಸಿದರೆ ಠಣ್ ಎನ್ನುವಂಥ ಕಟ್ಟಿಗೆ. ಅದು ಹೋಟೆಲಿನವರಿಗೆ. ಅವರಿಗೆ ಹಸಿಯದು ಕೊಟ್ಟರೆ ಗಾಡಿ ಸಮೇತ ತಿರುಗಿ ಬಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ನಮ್ಮ ಗಾಡಿ ತುಂಬುತ್ತಿದ್ದುದು ಹಿಂಭಾಗದಿಂದ, ಮೊನ್ನೆ ಮೊನ್ನೆ ಕಡಿದು ತಂದ ಮರದಿಂದ. ನಾವು ಬಯ್ಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೀಗತನ ಎಂದರೆ ಅವನಿಗೆ ಅಷ್ಟೇ. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಲೆಗಿಟ್ಟರೆ ಆ ಕಟ್ಟಿಗೆಯ ತುದಿಯಿಂದ ನೊರೆ ಬರುತ್ತಿತ್ತು, ಬೆಂಕಿ ಬರುತ್ತಿರಲಿಲ್ಲ. ಅವ್ವ ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಗೋಡೆ ಹಿಡಿದು ನಿಂತು ಉಸಿರೆಳೆದುಕೊಳ್ಳುತ್ತಿದ್ದಳು, ಮತ್ತೆ ಕೂತು ಊದುತ್ತಿದ್ದಳು. “ಒಂದ್ ಮಾತ್ ಅವ್ರಿಗೆ ಹೇಳ್ರಿ” ಎಂದರೆ, “ಅಕ್ಕ ಏನ್ ತಿಳ್ಕೊಂಡಾಳು?” ಎಂದು ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ಆ ಮಹಾಶಯನೇ ಊಟಕ್ಕೆ ಬಂದ. ನಮ್ಮಲ್ಲಿ ಬೀಗರಿಗೆ ರೊಟ್ಟಿ ಬಡಿದು ಬಡಿದ ಹಾಗೆ ಬಿಸಿಬಿಸಿಯಾಗಿ ತಾಟಿಗೆ ಹಾಕಬೇಕು. ಹಾಗಾಗಿ ಅಡುಗೆಮನೆಯಲ್ಲೇ ಕೂಡ್ರಿಸುವುದು. ಅವ್ವ ಅವನ ಮಣೆಯನ್ನು ಒಲೆಗೆ ತೀರ ಹತ್ತಿರ ಹಾಕಿದಳು. ಅವನದೇ ಕಟ್ಟಿಗೆಯನ್ನು ಒಲೆಗೆ ತುರುಕಿದಳು. ಎರಡನೆಯ ರೊಟ್ಟಿಗೆ ಅವನ ಕಣ್ಣಲ್ಲಿ ನೀರಿಳಿಯಿತು.

“ಇನ್ನೊಂದ್ ಹಾಕ್ತೀನ್ರಿ ಅಣ್ಣಾರ. ಸಾವಕಾಶ ಊಟಾ ಮಾಡ್ರಿ” ಎಂದಳು ಅವ್ವ. ನನಗೆ ಹಬ್ಬ.

ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಚೂರೂ ನಾಚಿಕೆಯಿಲ್ಲದೆ ಅಂದ: “ತಂಗೀ, ಕಟಗಿ ಛಲೋ ಅದಾವ. ನಿನಗ ಒಲಿ ಹಚ್ಚಾಕ ಬರಂಗಿಲ್ಲ.”

ಅವನ ಪಕ್ಕದಲ್ಲಿ ಉಣ್ಣುತ್ತಿದ್ದ ಅಪ್ಪ ನಕ್ಕ. “ಹೌದ್ರಿ ಮಾಮಾ, ಆಕಿದು ಮೊದಲಿಂದನೂ ಹಂಗ ಐತಿ.”

ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಊದುಗೊಳವಿಯನ್ನು ತಂದು ಅಪ್ಪನ ತಾಟಿನಲ್ಲಿಟ್ಟಳು, ಪಲ್ಯದ ಮೇಲೆಯೇ. “ನಿಮಗ ಬರ್ತೈತಲ್ಲ, ಹಚ್ಚರಿ” ಎಂದು ಹಿತ್ತಲಿಗೆ ಹೋಗಿಬಿಟ್ಟಳು.

ಅಪ್ಪ ಊದಿದ. ಕೆಮ್ಮಿದ. ಮತ್ತೆ ಊದಿದ. ಮನೆ ತುಂಬ ಹೊಗೆಯಾಯಿತೇ ಹೊರತು ರೊಟ್ಟಿಯಾಗಲಿಲ್ಲ. ಬೀಗ ಅರೆಹೊಟ್ಟೆಯಲ್ಲಿ ಕೈತೊಳೆದು, ಹೇಳದೇ ಕೇಳದೇ ಹೊರಟುಹೋದ.

ಮರುದಿನ ಅಪ್ಪ ಬೇರೆ ವಖಾರಿಯಿಂದ ಒಣ ಕಟ್ಟಿಗೆ ತಂದು ಅಂಗಳದಲ್ಲಿ ಇಳಿಸಿದ. ಬೀಗರ ಮನೆಯವರು ನಮ್ಮನ್ನು ಕರೆಯುವುದು ಬಿಟ್ಟರು, ಬಿಟ್ಟದ್ದು ಒಳ್ಳೆಯದೇ ಆಯಿತು. ವಖಾರಿಯವನ ಮೇಲಿನ ನನ್ನ ಸಿಟ್ಟು ಬರುಬರುತ್ತ ಇಳಿಯಿತು. ಎಷ್ಟಾದರೂ ಅವನು ವ್ಯಾಪಾರಿ. ಉಸಿರಿಗಾಗಿ ಗೋಡೆ ಹಿಡಿಯುತ್ತಿದ್ದ ಹೆಂಡತಿಯನ್ನು ದಿನಾ ನೋಡಿಯೂ ಅಪ್ಪ ಅವನ ಜೊತೆ ಸೇರಿ ನಕ್ಕನಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.