ಕೆಂಗೇರಿಗೆ ಮೂರನೆಯ ಸಲ

ಐವತ್ತರ ದಶಕದ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ರಾಜಾಜಿನಗರದ ಮನೆಯಿಂದ ಕೆಂಗೇರಿಗೆ ಹೊರಟೆವು. ಅಪ್ಪ, ಅಜ್ಜಿ, ಹತ್ತು ವರ್ಷದ ಹುಡುಗಿ ನಾನು. ಒಂಬತ್ತು ಮೈಲಿ ದಾರಿ. ಅಷ್ಟಕ್ಕೇ ನಮಗೆ ಚಿತ್ರಾನ್ನದ ಬುತ್ತಿ, ಎಂಜಿನ್ನಿಗೆ ಎರಡು ಡಬ್ಬ ನೀರು. ಹಿಂದಿನ ಎರಡು ಭಾನುವಾರವೂ ಹೀಗೇ ಸಡಗರದಿಂದ ಹೊರಟು ಅರ್ಧ ದಾರಿಯಿಂದ ವಾಪಸು ಬಂದಿದ್ದೆವು.

ಕೆಂಗೇರಿಯಲ್ಲಿ ಅಜ್ಜಿಯ ಅಕ್ಕ ಹಾಸಿಗೆ ಹಿಡಿದಿದ್ದರು. ತಂಗಿಯನ್ನು ಒಮ್ಮೆ ನೋಡಬೇಕೆಂದು ಹೇಳಿಕಳಿಸಿ ಮೂರು ವಾರವಾಗಿತ್ತು. ಮಂಡಿ ನೋವಿನ ಅಜ್ಜಿಗೆ ಬಸ್ಸು, ರೈಲು ಹತ್ತಲಾಗದು. ಉಳಿದದ್ದು ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ, ನನಗಿಂತ ವಯಸ್ಸಾದ ಕಾರು.

ಅಪ್ಪನಿಗೆ ಕಾರಿನ ಮೇಲೆ ಪ್ರೀತಿ, ಅದರೊಳಗಿನ ಒಂದು ಮುಳ್ಳಿನ ಮೇಲೆ ಭಯಭಕ್ತಿ. ಎಂಜಿನ್ನಿನ ನೀರು ಎಷ್ಟು ಕಾದಿದೆ ಎಂದು ತೋರಿಸುವ ಆ ಮುಳ್ಳು ಕೆಂಪು ಗೆರೆ ಮುಟ್ಟಿತೋ, ಮುಗಿಯಿತು. ಕಾರು ನಿಲ್ಲಿಸಿ ದೂರ ನಿಲ್ಲುವರು. ಮುಳ್ಳು ಇಳಿದ ಮೇಲೆ ಮನೆ ಕಡೆ ತಿರುಗಿಸುವರು. ಕಾದ ಎಂಜಿನ್ನಿನ ನೀರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರೊಬ್ಬರನ್ನು ಕಂಡಿದ್ದರಂತೆ.

ಮಾಗಡಿ ರಸ್ತೆ ದಾಟಿ ಮಾರೇನಹಳ್ಳಿ ಕಡೆಯ ಬಂಡಿದಾರಿಗೆ ಇಳಿದೆವು. ಎರಡೂ ಕಡೆ ರಾಗಿ ಹೊಲ, ಎಳೆ ಬಿಸಿಲು. ಆ ಹೊಲಗಳ ಹಸಿ ವಾಸನೆ ಈಗಲೂ ನೆನಪಿದೆ. ಮೂಡಲಪಾಳ್ಯದ ಬಾವಿ ಹತ್ತಿರ ಮುಳ್ಳು ಕೆಂಪಿಗೇರಿತು. ಅಪ್ಪ ನಿಲ್ಲಿಸಿದರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. "ಯಾಕ್ ಸಾಮಿ, ಏನಾಯ್ತು?"

"ಎಂಜಿನ್ ಕುದೀತಾ ಇದೆ ಕಣಮ್ಮ. ಹತ್ರ ಬರಬೇಡ," ಎಂದರು ಅಪ್ಪ.

"ಕುದಿಯೋದಾದ್ರೆ ಹಬೆ ಎಲ್ಲಿ?"

ರೊಟ್ಟಿ ಹಾಕುವ ಮುಂಚೆ ಹೆಂಚಿಗೆ ಚಿಮುಕಿಸುವಂತೆ ಅವಳು ಕಾರಿನ ಮೂತಿಗೆ ನೀರು ಚಿಮುಕಿಸಿದಳು. ಚುಂಯ್ ಅನ್ನಲಿಲ್ಲ, ಹನಿಗಳು ಸುಮ್ಮನೆ ಇಳಿದುಹೋದವು. ಆಮೇಲೆ ಅಂಗೈಯನ್ನೇ ಒತ್ತಿ ಇಟ್ಟಳು. "ಈ ಹೆಂಚಲ್ಲಿ ರೊಟ್ಟಿ ಬೇಯಲ್ಲ ಬಿಡಿ," ಎಂದು ಕೊಡ ಎತ್ತಿಕೊಂಡು ಹೊರಟೇಬಿಟ್ಟಳು.

ಅಪ್ಪನ ಮುಖ ನೋಡಬೇಕಿತ್ತು. ಬಾನೆಟ್ ಎತ್ತಿ, ಒದ್ದೆ ಟವೆಲು ಹಿಡಿದು ಮುಚ್ಚಳ ತಿರುವಿದರು. ನೀರು ಸ್ನಾನದ ನೀರಿಗಿಂತ ತುಸು ಬಿಸಿ, ಅಷ್ಟೇ. ಕಾವು ಅಳೆಯಲೆಂದು ಎಂಜಿನ್ನಿಗೆ ತಿರುಪಿದ್ದ ಹೆಬ್ಬೆರಳಿನಷ್ಟು ಹಿತ್ತಾಳೆ ತುಣುಕೊಂದರಿಂದ ಮುಳ್ಳಿಗೆ ವೈರು ಹೋಗಿತ್ತು. ಅಪ್ಪ ವೈರು ಕಿತ್ತು, "ಮುಳ್ಳು ನೋಡೇ," ಎಂದರು.

"ಕೆಳಗಿಳೀತಪ್ಪ."

ಮತ್ತೆ ಸಿಕ್ಕಿಸಿದರು. "ಈಗ?"

"ಮತ್ತೆ ಕೆಂಪಿಗೆ ಹೋಯ್ತು."

"ಎಂಜಿನ್ನಿಗೆ ಏನೂ ಆಗಿಲ್ಲ. ಈ ತುಣುಕೇ ಕೆಟ್ಟಿರೋದು," ಎಂದು ಅಪ್ಪ ಮೆಲ್ಲಗೆ ಹೇಳಿ ಅಜ್ಜಿಯ ಕಡೆ ನೋಡಲಾರದೆ ನಿಂತರು.

ಅಲ್ಲಿಂದ ನಾಯಂಡಹಳ್ಳಿ, ಮೈಸೂರು ರಸ್ತೆ. ಮುಳ್ಳು ಕೆಂಪಿನಲ್ಲೇ ಇತ್ತು. ಮೈಲಿಗೊಮ್ಮೆ ಅಪ್ಪ ಇಳಿದು ನೀರು ಚಿಮುಕಿಸಿ, ಕೈಯಿಟ್ಟು ನೋಡಿ ಬರುತ್ತಿದ್ದರು. ಹತ್ತೂವರೆಗೆ ಕೆಂಗೇರಿ ಸೇರಿದೆವು.

ದೊಡ್ಡಜ್ಜಿ ಸೊರಗಿ ಹೋಗಿದ್ದರು, ಆದರೆ ಗುರುತು ಹಿಡಿದರು. "ಎರಡು ಭಾನುವಾರ ಬಾಗಿಲು ನೋಡ್ತಾ ಮಲಗಿದ್ದೆ. ಯಾಕೇ ಇಷ್ಟು ತಡ?"

"ನನಗೇ ಹುಷಾರಿರಲಿಲ್ಲ ಕಣಕ್ಕ," ಎಂದರು ಅಜ್ಜಿ.

ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು. ಅಕ್ಕತಂಗಿಯರು ಸಂಜೆಯವರೆಗೆ ಕೈ ಹಿಡಿದುಕೊಂಡೇ ಕೂತಿದ್ದರು. ಬುತ್ತಿ ಬಿಚ್ಚಿದ್ದು ನಾನೊಬ್ಬಳೇ.

ವಾಪಸು ಬರುವಾಗ ಬಾವಿಯ ಹತ್ತಿರ ನಿಲ್ಲಿಸಿದೆವು. ಅಲ್ಲಿ ಯಾರೂ ಇರಲಿಲ್ಲ. ಮುಂದಿನ ಭಾನುವಾರವೂ ಹೋದೆವು, ಅದರ ಮುಂದಿನದೂ. ಆಮೇಲೆ ಕೆಂಗೇರಿಗೆ ಹೋಗುವ ಕಾರಣ ಉಳಿಯಲಿಲ್ಲ.

ಹೊಸ ಹಿತ್ತಾಳೆ ತುಣುಕು ಹಾಕಿಸಿ ಮುಳ್ಳು ಸರಿಯಾದ ಮೇಲೂ ಅಪ್ಪ ಎಲ್ಲಿಗೆ ಹೊರಟರೂ ದಾರಿಯಲ್ಲಿ ಒಮ್ಮೆ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಆ ಕೈಯನ್ನು ಬೇಗ ತೆಗೆಯುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಅಜ್ಜಿಯೇ ಹೇಳಬೇಕಿತ್ತು: "ಕಾದಿಲ್ಲ ಕಣಪ್ಪ. ಬಾ, ಹೋಗೋಣ."