ಮದ್ದುಗುಂಡಿನ ಗುದಾಮು ಮತ್ತು ಕುಸುಮಕ್ಕನ ಒಲೆ

ಪುರುಷೋತ್ತಮಣ್ಣನನ್ನು ದಡ್ಡ ಎನ್ನುವ ಮೊದಲು ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಉಡುಪಿಯಲ್ಲಿ ಬಿ.ಕಾಂ. ಮುಗಿಸಿ, ಅರವತ್ತೆಂಟನೆಯ ಇಸವಿಯಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಕಲ್ಕತ್ತೆಗೆ ಬಂದ ಮಹಾನುಭಾವ ನಾನು. ಮ್ಯಾನೇಜರು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದೆ. ಬಾಲಿಗಂಜಿನ ಮೆಸ್ಸಿನಲ್ಲಿ ಸಾಸಿವೆಯೆಣ್ಣೆಯ ಅಡುಗೆ ಉಂಡು ನಾಲಿಗೆ ಸತ್ತುಹೋಗಿ, ಪ್ರತಿ ಭಾನುವಾರ ರೈಲ್ವೆ ಗೇಟು ದಾಟಿ ಕಸ್ಬಾದ ಆಚೆಗೆ ನಡೆಯುತ್ತಿದ್ದೆ. ಅಲ್ಲಿ ಕುಂದಾಪುರದ ಕಡೆಯ ಕುಸುಮಕ್ಕ ತೆಂಗಿನಕಾಯಿ ಅರೆದು ಮೀನಿನ ಗಸಿ ಮಾಡುತ್ತಿದ್ದರು. ಆ ಗಸಿಗಾಗಿ ಅವರ ಗಂಡ ಪುರುಷೋತ್ತಮಣ್ಣನ ಯುದ್ಧಕಥೆಯನ್ನು ತಲೆಯಾಡಿಸುತ್ತ ಕೇಳುವಷ್ಟು ಸ್ವಾಭಿಮಾನ ನನಗಿತ್ತು.

ಯುದ್ಧವೆಂದರೆ ಎರಡನೆಯ ಮಹಾಯುದ್ಧ. ಜಪಾನಿನವರು ಕಲ್ಕತ್ತೆಯ ಮೇಲೆ ಬಾಂಬು ಹಾಕತೊಡಗಿದಾಗ ಮಿಲಿಟರಿಯವರು ಕಸ್ಬಾದ ಆಚೆಯ ಗದ್ದೆಗಳ ನಡುವೆ ಮದ್ದುಗುಂಡಿನ ಗುದಾಮು ಕಟ್ಟಿಸಿದರು. ದಪ್ಪ ಇಟ್ಟಿಗೆಗೋಡೆಯ ಕೊಠಡಿಗಳು, ಅವುಗಳ ಮೇಲೆ ಮಣ್ಣಿನ ದಿಬ್ಬ, ಸುತ್ತ ಆಳೆತ್ತರದ ಕಾಂಪೌಂಡು. ಹೋಟೆಲಿನಲ್ಲಿ ಲೋಟ ತೊಳೆಯಲು ಊರುಬಿಟ್ಟು ಬಂದಿದ್ದ ಪುರುಷೋತ್ತಮಣ್ಣ ಗೇಟಿನ ಕಾವಲಿಗೆ ಸೇರಿಕೊಂಡರು. ಯುದ್ಧ ಮುಗಿಯಿತು. ಗುಂಡುಗಳು ಲಾರಿ ಹತ್ತಿ ಹೋದವು, ಬ್ರಿಟಿಷರು ಹಡಗು ಹತ್ತಿ ಹೋದರು. ಪುರುಷೋತ್ತಮಣ್ಣನ ನೆನಪು ಯಾರಿಗೂ ಆಗಲಿಲ್ಲ. ಬಾವಲಿ ತುಂಬಿದ ಕೊಠಡಿಗಳನ್ನು ಅವರು ಖಾಕಿ ತೊಟ್ಟು ಕಾಯುತ್ತಲೇ ಇದ್ದರು, ಸರಕಾರ ಸಂಬಳ ಕೊಡುತ್ತಲೇ ಇತ್ತು. ಇಬ್ಬರಲ್ಲಿ ಯಾರು ಹೆಚ್ಚು ದಡ್ಡರೆಂದು ತೀರ್ಮಾನಿಸಲು ನನಗೆ ಇನ್ನೂ ಆಗಿಲ್ಲ.

ಗುದಾಮಿನ ಒಳಗೆ ಹೋಗುವವರು ಬೆಂಕಿಪೆಟ್ಟಿಗೆಯನ್ನು ಕಾವಲಿನವನಿಗೆ ಒಪ್ಪಿಸಬೇಕು. ಇದು ಯುದ್ಧಕಾಲದ ನಿಯಮ. ಪುರುಷೋತ್ತಮಣ್ಣ ಅದನ್ನು ಒಂದು ದಿನವೂ ಮುರಿಯಲಿಲ್ಲ. ಯಾರೇ ಬರಲಿ, ಮಾತಿಗಿಂತ ಮೊದಲು ಅಂಗೈ ಮುಂದೆ ಬರುತ್ತಿತ್ತು. ತೆಗೆದುಕೊಳ್ಳುವುದು ನಿಯಮ, ಹಿಂದಕ್ಕೆ ಕೊಡುವುದು ಮಾತ್ರ ಮರೆತುಹೋಗುತ್ತಿತ್ತು. ಎಪ್ಪತ್ತರಲ್ಲಿ ಆಸುಪಾಸಿನ ಕ್ರಾಂತಿಕಾರಿ ಹುಡುಗರು ಬಾಂಬಿಗೆ ಮದ್ದು ಹುಡುಕಿಕೊಂಡು ನುಗ್ಗಿದಾಗಲೂ ಇವರು ಬೆಂಕಿಪೆಟ್ಟಿಗೆ ಕೇಳಿದರಂತೆ. ಅವರೂ ಕೊಟ್ಟರಂತೆ. ಕ್ರಾಂತಿಯ ಮೇಲೆ ನನಗಿದ್ದ ಅಷ್ಟಿಷ್ಟು ಗೌರವ ಅಂದೇ ಹೋಯಿತು.

ಈ ನಿಯಮದ ಪೂರ್ತಿ ಪೆಟ್ಟು ಬಿದ್ದದ್ದು ಕುಸುಮಕ್ಕನಿಗೆ. ಅವರ ಕ್ವಾರ್ಟರ್ಸು ಕಾಂಪೌಂಡಿನ ಒಳಗೆ. ಒಳಗೆ ಬೆಂಕಿ ಕೂಡದು. ಆದ್ದರಿಂದ ಒಲೆ ಗೋಡೆಯಾಚೆ, ಕೆರೆಯ ಬದಿಗೆ ಕಟ್ಟಿಕೊಂಡ ತಗಡಿನ ಗುಡಿಸಲಲ್ಲಿ. ಮಳೆಗಾಲದಲ್ಲಿ ಅವರು ಪಾತ್ರೆಗೆ ಕೊಡೆ ಹಿಡಿದು, ತಾವು ನೆನೆದುಕೊಂಡು ಗೇಟಿನೊಳಗೆ ಬರುತ್ತಿದ್ದರು.

"ಅಣ್ಣಾ, ಒಳಗೆ ಎಂತ ಉಂಟು ಅಂತ ಈ ಕಾವಲು? ಬಾವಲಿ ಹಿಕ್ಕೆ ಅಲ್ವಾ?" ಎಂದು ಒಮ್ಮೆ ಕೇಳಿದೆ.

"ಹಾಗೆಲ್ಲ ಹೇಳ್ಬಾರ್ದು ಮಾರಾಯಾ. ಮದ್ದು ಹೋದ್ರೂ ಅದರ ಧೂಳು ಗೋಡೆಯೊಳಗೆ ಕೂತಿರ್ತದೆ. ಬ್ಯಾಂಕಿನಲ್ಲಿ ಕೂತವನಿಗೆ ಅದೆಲ್ಲ ಎಂತ ಗೊತ್ತು?"

"ಗೋಡೆಯೊಳಗೆ ಇರುದು ಹೆಗ್ಗಣ," ಎಂದರು ಕುಸುಮಕ್ಕ, ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ. "ನಾನು ಮದುವೆಯಾಗಿ ಬಂದಲ್ಲಿಂದ ಇವರ ಮನೆಯೊಳಗೆ ಒಂದು ದಿನ ಒಲೆ ಹೊತ್ತಲಿಲ್ಲ ತಮ್ಮಾ. ಜಪಾನಿನವರೇ ಬಂದಿದ್ರೆ ಒಂದು ಅಡುಗೆಮನೆ ಕಟ್ಟಿಸಿಕೊಡ್ತಿದ್ರೋ ಏನೋ."

ಎಪ್ಪತ್ತೆರಡರಲ್ಲಿ ಸರಕಾರಕ್ಕೆ ಕೊನೆಗೂ ಎಚ್ಚರವಾಯಿತು. ಗುದಾಮು ಕೆಡವಿ ಆ ಜಾಗದಲ್ಲಿ ಫ್ಲ್ಯಾಟು ಕಟ್ಟುವುದೆಂದು ತೀರ್ಮಾನವಾಯಿತು. ಕಾಂಪೌಂಡಿನೊಳಗಿನ ಎಲ್ಲವೂ ಹೋಗಬೇಕು, ಕ್ವಾರ್ಟರ್ಸೂ ಸೇರಿ. ಊರಿನ ಮನೆ ಎಂದೋ ಅಣ್ಣತಮ್ಮಂದಿರ ಪಾಲಾಗಿತ್ತು. ಕಲ್ಕತ್ತೆಯಲ್ಲಿ ಬಾಡಿಗೆ ಹಿಡಿಯುವ ತಾಕತ್ತಿರಲಿಲ್ಲ.

"ನಾವಿನ್ನು ಎಲ್ಲಿ ಮಲಗುದು ತಮ್ಮಾ, ಬಾಲಿಗಂಜ್ ಸ್ಟೇಶನ್ನಿನಲ್ಲಾ?" ಎಂದು ಕುಸುಮಕ್ಕ ಕೇಳಿದಾಗ, ನಾನು ಪದವೀಧರನೆಂಬುದು ನೆನಪಾಗಿ ಕ್ವಾರ್ಟರ್ಸನ್ನಾದರೂ ಉಳಿಸಿಕೊಡಿರೆಂದು ಸರಕಾರಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಎಂಥೆಂಥ ಶಬ್ದಗಳನ್ನು ತುರುಕಿದ್ದೆನೆಂದರೆ, ಅದು ಯಾರಿಗೂ ಅರ್ಥವಾಗಿರಲಾರದು. ಉತ್ತರವೇ ಬರಲಿಲ್ಲ.

ಪುರುಷೋತ್ತಮಣ್ಣನ ಉಪಾಯ ಇನ್ನೂ ಘನವಾದದ್ದು. ಕಂಟ್ರಾಕ್ಟರ್ ಘೋಷಾಲ್‌ಬಾಬು ಕೂಲಿಯವರೊಂದಿಗೆ ಬಂದ ದಿನ ಎಲ್ಲರ ಬೆಂಕಿಪೆಟ್ಟಿಗೆ ಕಸಿದುಕೊಂಡು, ಕ್ವಾರ್ಟರ್ಸಿನ ನೆಲದಡಿ ಸಿಡಿಯದ ಗುಂಡುಗಳು ಇನ್ನೂ ಇವೆ ಎಂದು ಹೇಳಿಬಿಟ್ಟರು. ಹೆದರಿ ಓಡಿಹೋಗುತ್ತಾರೆ, ಮನೆ ಉಳಿಯುತ್ತದೆ ಎಂಬ ಲೆಕ್ಕ. ಕೂಲಿಯವರು ಓಡಿದರು, ನಿಜ. ಮರುದಿನ ಮಿಲಿಟರಿಯವರು ಬಂದು ಆ ನೆಲವನ್ನೇ ಮೊದಲು ಅಗೆದರು. ಸಿಕ್ಕಿದ್ದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ. ಹೇಗೂ ಅಗೆದಾಗಿದೆ ಎಂದು ಘೋಷಾಲ್‌ಬಾಬು ಕೆಡವುವ ಕೆಲಸವನ್ನು ಕ್ವಾರ್ಟರ್ಸಿನಿಂದಲೇ ಶುರುಮಾಡಿದ. ಕೊನೆಗೆ ಹೋಗಬೇಕಾದ ಮನೆ ಮೊದಲಿಗೇ ಹೋಯಿತು.

ಟ್ರಂಕು, ಚಾಪೆ, ಖಾಕಿ ಟೋಪಿಗಳನ್ನು ಎತ್ತಿಕೊಂಡು ಗಂಡಹೆಂಡಿರು ಗೇಟಿನಾಚೆ ನಿಂತಾಗ ನಾನೂ ಇದ್ದೆ. ಏನೂ ಎತ್ತಿಕೊಂಡಿರಲಿಲ್ಲ. ಘೋಷಾಲ್‌ಬಾಬು ನಕ್ಷೆ ನೋಡಿದ, ಗೋಡೆ ನೋಡಿದ, ಒಲೆಯ ಗುಡಿಸಲನ್ನೂ ನೋಡಿದ.

"ದಾದಾ, ಗೋಡೆಯ ಒಳಗಿನದ್ದು ಮಾತ್ರ ನನ್ನದು. ಆ ತಗಡು ಯಾರದ್ದೋ, ನಕ್ಷೆಯಲ್ಲಿಲ್ಲ," ಎಂದು ಪುರುಷೋತ್ತಮಣ್ಣನಿಗೆ ಹಿಂದಿಯಲ್ಲಿ ಹೇಳಿ ಹೋದ. ಕುಸುಮಕ್ಕ ಟ್ರಂಕನ್ನು ಗುಡಿಸಲೊಳಕ್ಕೆ ಎಳೆದರು.

ಒಂದು ತಿಂಗಳು ಬಿಟ್ಟು ಹೋದೆ. ಗುದಾಮಿಲ್ಲ, ಗೇಟಿಲ್ಲ, ಕಾಂಪೌಂಡಿನ ಇಟ್ಟಿಗೆಯೂ ಇಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ತಗಡಿನ ಗುಡಿಸಲೊಂದೇ ನಿಂತಿತ್ತು. ಬಾಗಿಲಲ್ಲಿ ಪುರುಷೋತ್ತಮಣ್ಣ, ಮೀಸೆ ತೀಡುತ್ತ.

"ನೋಡಿದ್ಯಾ? ಒಲೆ ಹೊರಗೆ ಇಟ್ಟದ್ದು ಎಂತಕ್ಕೆ ಅಂತ ಈಗ ಗೊತ್ತಾಯ್ತಾ? ಮುಂದಾಲೋಚನೆ ಬೇಕು ಮಾರಾಯಾ!"

"ಬಾಯಿ ಮುಚ್ಚಿ ಕೂತ್ಕೊಳ್ಳಿ," ಒಳಗಿನಿಂದ ಬಂತು. "ಬಾ ತಮ್ಮಾ, ಮಳೆ ಬರ್ಲಿಕ್ಕೆ ಉಂಟು."

ನಾನು ಬಗ್ಗಿ ಒಳಗೆ ಕಾಲಿಡುವಷ್ಟರಲ್ಲಿ ಅದೇ ಅಂಗೈ ಮುಂದೆ ಬಂತು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಆ ಅಂಗೈಯಿಂದ ಬೆಂಕಿಪೆಟ್ಟಿಗೆಯನ್ನು ಕುಸುಮಕ್ಕ ಚಕ್ಕನೆ ಎತ್ತಿಕೊಂಡು, ಗಂಡನ ಹಾಸಿಗೆಯ ಪಕ್ಕದಲ್ಲೇ ಒಲೆ ಹೊತ್ತಿಸಿದರು. ಪುರುಷೋತ್ತಮಣ್ಣ ಉರಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಎದ್ದು ಹೊರಗೆ ನಡೆದರು. ಮನೆಯೊಳಗೆ ಬೆಂಕಿ ಕೂಡದು, ನಿಯಮ ನಿಯಮವೇ.

ಮಳೆ ಸುರಿಯಿತು. ಕುಸುಮಕ್ಕ ಬಾಗಿಲಿನಿಂದಲೇ ತಟ್ಟೆಯನ್ನೂ ಹಳೆಯ ಕೊಡೆಯನ್ನೂ ಚಾಚಿದರು. ಕೆರೆಯ ಬದಿಯಲ್ಲಿ ಕೂತ ಪುರುಷೋತ್ತಮಣ್ಣ ಗಸಿಗೆ ಕೊಡೆ ಹಿಡಿದು, ತಾವು ನೆನೆಯುತ್ತ ಉಂಡರು. ನಾನು ಒಲೆಯ ಬಳಿ ಬೆಚ್ಚಗೆ ಕೂತು ಎರಡನೆಯ ಸಲ ಬಡಿಸಿಕೊಂಡೆ.