ಹಾಸಿನ ಆ ಕಡೆಯವರು

ಅನ್ನ ಬಸಿಯುವಾಗ ಏಳುವ ಗಂಜಿಯ ವಾಸನೆಗೆ ನನ್ನ ಅಡುಗೆಮನೆ ಒಂದು ಗಳಿಗೆ ಇಲ್ಲವಾಗುತ್ತದೆ. ಕುಕ್ಕರ್ ಬಂದು ಎಷ್ಟೋ ಕಾಲವಾದರೂ ಆಗಾಗ ಪಾತ್ರೆಯಲ್ಲೇ ಅಕ್ಕಿ ಬೇಯಿಸುವುದು ಈ ಒಂದು ಗಳಿಗೆಗಾಗಿಯೇ ಇರಬೇಕು. ಆ ಹಬೆಯ ಆಚೆ ಸೇಲಂನ ನಮ್ಮ ಕನ್ನಡ ನೇಕಾರರ ಬೀದಿ ಕಾಣುತ್ತದೆ: ತಗ್ಗು ಮಾಡಿನ ಮನೆ, ನಡುಮನೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗ, ಬೀದಿಯ ಕೊನೆಗೆ ಹುಣಸೆ ತೋಪು. ಇಬ್ಬನಿ ಆರುವ ಮೊದಲೇ ಆ ತೋಪಿನಲ್ಲಿ ಮರದಿಂದ ಮರಕ್ಕೆ ಹಾಸು ಬಿಗಿಯುತ್ತಿದ್ದರು. ಸೀರೆಯ ಉದ್ದದ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ, ತಮಿಳು ನೆರೆಯವರು ಪಾವು ಎನ್ನುತ್ತಾರೆ. ಬಿಗಿದ ಎಳೆಗಳ ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಕೈಯಲ್ಲಿ ಎಳೆ ಗಟ್ಟಿಯಾಗಲೆಂದು ಬಳಿಯುವ ಗಂಜಿಗೆ ಅದ್ದಿದ ಕುಂಚ. ಒಂದೇ ಹೆಜ್ಜೆಯಲ್ಲಿ ತುದಿಯವರೆಗೆ ನಡೆದು, ಒಟ್ಟಿಗೇ ತಿರುಗಿ, ಮತ್ತೆ ನಡೆದು ಬರಬೇಕು. ಬಿಸಿಲೇರುವವರೆಗೂ ಅದೇ ನಡಿಗೆ. ತಲೆಯ ಮೇಲೆ ಗೊರವಂಕಗಳ ಜಗಳ, ಕಾಲಡಿಯಲ್ಲಿ ಒದ್ದೆ ಹುಣಸೆ ಎಲೆ, ದೂರದಲ್ಲಿ ಮೋಡ ಹೊದ್ದ ಏರ್ಕಾಡು ಬೆಟ್ಟ.

ಈ ಕಡೆಯ ಕುಂಚ ನಮ್ಮ ದೊಡ್ಡಪ್ಪನದು, ಆ ಕಡೆಯದು ಅವನ ತಾಯಿ, ನಮ್ಮಜ್ಜಿಯದು. ದೊಡ್ಡಪ್ಪ ಮದುವೆಯಾಗದೆ ನಮ್ಮೊಂದಿಗೇ ಉಳಿದವನು. ಅವನಿಗೆ ಆಗಾಗ ಮಾತು ನಿಂತುಹೋಗುತ್ತಿತ್ತು. ಅದಕ್ಕೆ ಕಾರಣವೇ ಬೇಕಿರಲಿಲ್ಲ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನು ಲಾಳಿ ಎಸೆಯದೆ ಗೋಡೆ ನೋಡುತ್ತಿದ್ದ. ಇಟ್ಟ ತಟ್ಟೆ ಇಟ್ಟ ಹಾಗೇ ಆರುತ್ತಿತ್ತು. ಒಮ್ಮೆ ಊರಂಚಿನ ಹಾಳುಬಾವಿಯ ಕಟ್ಟೆಯಿಂದ ಅವನನ್ನು ಯಾರೋ ಕೈಹಿಡಿದು ಕರೆತಂದಿದ್ದರಂತೆ. ಅಂದಿನಿಂದ ಅಜ್ಜಿ ಅವನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಈಗಾದರೆ ಅದಕ್ಕೊಂದು ಹೆಸರು ಹೇಳುತ್ತಾರೆ, ಮಾತ್ರೆ ಕೊಡುತ್ತಾರೆ. ಅಜ್ಜಿಗೆ ಗೊತ್ತಿದ್ದುದು ಇಷ್ಟೇ: ಹಾಸು ಬಿಗಿದ ದಿನ ಮಗ ಬದುಕುತ್ತಾನೆ. ಅಂಥ ಒಂದು ಬೆಳಿಗ್ಗೆ ಎದುರುಮನೆಯ ಅತ್ತೆ, "ಏನಣ್ಣಾ, ಈ ಸಲ ಬಾಯ್ಗೂ ಗಂಜಿ ಆಕ್ಬಿಟ್ಯಾ? ಮಾತೇ ಕಾಣೆ" ಎಂದು ಕೆಣಕಿದಳು. ದೊಡ್ಡಪ್ಪ ತುದಿಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಆಮೇಲೆ ತಲೆಯೆತ್ತದೆಯೇ, "ನಿನ್ ಬಾಯ್ಗೆ ಆಕಾಣ ಅಂತಿದ್ದೆ, ಇರೋ ಗಂಜಿ ಸಾಲ್ದು" ಅಂದ. ತೋಪೆಲ್ಲ ನಕ್ಕಿತು. ಅಜ್ಜಿ ಮಾತ್ರ ನಗದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬರುವಾಗ ಅವನೇ ಹೇಳಿದ: "ಕುಣಿಯಾಗೆ ಕೂತ್ರೆ ಎದೆ ಮ್ಯಾಲೆ ಕಲ್ಲು ಮಡಗ್ದಂಗೆ ಐತವ್ವಾ. ಇಂಗೆ ನಡೀತಾ ಇದ್ರೆ ಅದು ಕಾಲಿಂದ ಇಳ್ದೋಗ್ತದೆ."

ತೋಪು ಕಡಿದು ರಸ್ತೆ ಮಾಡಿದರು. ಅದೇ ಹೊತ್ತಿಗೆ ಗಂಜಿ ಹಾಕಿದ ಹಾಸೇ ಸುರುಳಿಯಾಗಿ ಮಿಲ್ಲಿನಿಂದ ಬರತೊಡಗಿತು. ಕೆಲಸ ಹಗುರಾಯಿತೆಂದು ಬೀದಿಯೆಲ್ಲ ಹಿಗ್ಗಿತು, ನೀವಿದ್ದರೂ ಹಿಗ್ಗುತ್ತಿದ್ದಿರಿ. ದೊಡ್ಡಪ್ಪನಿಗೆ ಮಾತ್ರ ಕುಣಿಯಿಂದ ಏಳುವುದಕ್ಕೆ ನೆವವೇ ಉಳಿಯಲಿಲ್ಲ. ಆ ಮಳೆಗಾಲವೆಲ್ಲ ಅವನ ದನಿ ಕೇಳಿದ ನೆನಪು ನನಗಿಲ್ಲ. ಕೊನೆಗೊಂದು ಬೆಳಗು ಅಜ್ಜಿ ಅಟ್ಟದಿಂದ ಎರಡು ಒಣ ಕುಂಚ ಇಳಿಸಿಕೊಂಡು ಅವನೆದುರು ನಿಂತಳು.

"ಏಳ್ಲಾ, ಹಾಸು ಬಿಗೀಬೇಕು."

"ಎಲ್ಲೈತವ್ವಾ ಹಾಸು?"

"ನಡಿ ಸಾಮಿ, ಕಾಣಿಸ್ತೀನಿ. ಒತ್ತಾದ್ರೆ ಗಂಜಿ ಒಣಗೋಗ್ತದೆ."

ಊರ ಕೆರೆಯ ಏರಿಗೆ ಕರೆದೊಯ್ದು ಅವನನ್ನು ಒಂದು ಅಂಚಿಗೆ ನಿಲ್ಲಿಸಿ, ತಾನು ಇನ್ನೊಂದು ಅಂಚಿಗೆ ನಿಂತಳು. ನಡುವೆ ಹಾಸಿನಷ್ಟೇ ಅಗಲದ ಬರಿಯ ಗಾಳಿ. ಕುಂಚ ಮುಂದೆ ಮಾಡಿ ಅವಳು ನಡೆಯತೊಡಗಿದಳು. ಅವನು ಬಹಳ ಹೊತ್ತು ನಿಂತೇ ಇದ್ದ; ಅವಳು ಒಬ್ಬಳೇ ತುದಿಗೆ ಹೋಗಿ ತಿರುಗಿ ಬಂದ ಮೇಲೆ, ಅದೇನನ್ನಿಸಿತೋ, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿದ. ತಾಳೆಮರಗಳ ನೆರಳು, ಕೆಸರಿನ ತಂಪು ವಾಸನೆ, ನೀರಿನಲ್ಲಿ ಮುಳುಗಿ ಏಳುವ ನೀರುಕಾಗೆ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ, "ಎನ್ನಾ ಪಾಟ್ಟೀ, ಕಾತ್ತುಕ್ಕು ಕಂಜಿಯಾ?" ಎಂದು ಕೂಗಿದ. ಏನಜ್ಜೀ, ಗಾಳಿಗೆ ಗಂಜಿ ಹಚ್ಚುತ್ತೀಯಾ ಅಂತ. ಅಜ್ಜಿ ನಡಿಗೆ ತಪ್ಪಿಸದೆ, "ನಿನ್ ಪಂಚೆ ಬಿಚ್ಕೊಡು, ಅದ್ಕೂ ಅಚ್ತೀನಿ" ಅಂದಳು. ದೊಡ್ಡಪ್ಪ ನಕ್ಕ. ಕೆರೆಯ ಆ ದಡಕ್ಕೂ ಕೇಳುವಂತೆ ನಕ್ಕ.

ಅವನಿಗೆ ವಾಸಿಯಾಯಿತು ಎಂದು ನಾನು ಹೇಳಲಾರೆ. ಆದರೆ ಉಂಡ, ನೇಯ್ದ, ದೀಪಾವಳಿಗೆ ನನಗೊಂದು ಪಾವಡೆ ಲಂಗದ ಬಟ್ಟೆ ನೇಯ್ದುಕೊಟ್ಟ. ಕೆಲವು ವರ್ಷ ಆ ಇಲ್ಲದ ಹಾಸೇ ಅವನನ್ನು ಹಿಡಿದಿಟ್ಟಿತ್ತು. ಒಂದು ಮಾರ್ಗಳಿ ತಿಂಗಳ ಚಳಿಯಲ್ಲಿ ಅಜ್ಜಿ ಹೋದಳು. ತಿಥಿ ಕರ್ಮ ಮುಗಿದ ಮರುದಿನ ಅವನು ಒಂದೇ ಕುಂಚ ಹಿಡಿದು ಏರಿಗೆ ಹೊರಟ; ಅಪ್ಪ ಅಂಜಿ ನನ್ನನ್ನು ಅವನ ಹಿಂದೆ ಕಳಿಸಿದ. ತುದಿಯವರೆಗೆ ಸರಿಯಾಗೇ ನಡೆದ. ತಿರುಗುವಲ್ಲಿ ನಿಂತು, ಎದುರಿನ ಅಂಚನ್ನು ನೋಡುತ್ತ ಕಾದ. ಓಡಿಹೋಗಿ ನಾನು ಆ ಕಡೆ ನಿಂತೆ, ನಡೆದೆ; ನನ್ನ ಪುಟ್ಟ ಹೆಜ್ಜೆಗೆ ಅವನ ಹೆಜ್ಜೆ ಕೂಡಲಿಲ್ಲ. ನನ್ನ ತಲೆ ಸವರಿ, "ಬುಡು ಪಾಪಾ, ಎಳೆ ಬಿಗಿ ನಿಲ್ತಾ ಇಲ್ಲ" ಅಂದ. ಆಮೇಲೆ ಅವನು ಏರಿಗೆ ಹೋಗಲಿಲ್ಲ. ಬೇಸಿಗೆ ಬರುವುದರೊಳಗೆ, ಯಾವ ಕಾಯಿಲೆಯೆಂದು ಆಸ್ಪತ್ರೆಯವರಿಗೂ ತಿಳಿಯದೆ, ಎಣ್ಣೆ ತೀರಿದ ದೀಪದ ಹಾಗೆ ಹೋಗಿಬಿಟ್ಟ.

ಮಗ್ಗ ಹೋದವು, ಕುಣಿಗಳನ್ನು ಮುಚ್ಚಿ ಸಿಮೆಂಟು ಬಳಿದರು, ಮನೆಯೂ ಕೈಬಿಟ್ಟುಹೋಯಿತು; ನಾನು ಮಾತ್ರ ಅದೇ ಊರಿನಲ್ಲೇ ಉಳಿದೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೂ ನಿದ್ದೆ ದೂರವಾಯಿತು. ಎದೆಯ ಮೇಲಿನ ಕಲ್ಲು ಎಂದರೇನೆಂದು ತಿಳಿಯಿತು. ಡಾಕ್ಟರಮ್ಮ ಮಾತ್ರೆ ಬರೆದು, ದಿನಾ ವಾಕಿಂಗ್ ಹೋಗಬೇಕು ಅಂದರು. ಹಾಗಾಗಿ ಬೆಳಿಗ್ಗೆ ಅದೇ ಏರಿಗೆ ಹೋಗುತ್ತೇನೆ. ಕೆರೆ ಅರ್ಧವಾಗಿದೆ, ಏರಿಗೆ ಕಲ್ಲು ಹಾಸಿ ಕಂಬಿ ಕಟ್ಟಿದ್ದಾರೆ, ಕಿವಿಗೆ ವಯರು ಸಿಕ್ಕಿಸಿಕೊಂಡವರು ಬಿರಬಿರನೆ ದಾಟಿ ಹೋಗುತ್ತಾರೆ. ಎದೆಯ ಕಲ್ಲು ಸ್ವಲ್ಪ ಇಳಿಯುತ್ತದೆ, ಒಂದೊಂದು ದಿನ ಇಳಿಯುವುದಿಲ್ಲ. ನಾನು ಒಂದು ಅಂಚು ಹಿಡಿದು, ಪಕ್ಕದಲ್ಲಿ ಒಂದು ಹಾಸಿನಷ್ಟು ಜಾಗ ಬಿಟ್ಟು ನಡೆಯುತ್ತೇನೆ. ತುದಿ ಮುಟ್ಟಿದ ಮೇಲೆ ಒಂದು ಗಳಿಗೆ ನಿಲ್ಲುತ್ತೇನೆ. ಆ ಕಡೆಯವರೂ ತಿರುಗಬೇಕಲ್ಲ.